ಪತ್ತನಾಜೆಗೆ ನಾಲ್ಕು ದಿನ ಇರುವಾಗ ಜೇನುಪೆಟ್ಟಿಗೆ ಹಂಚಬೇಡಿ

ಮೇ 20ರ ವಿಶ್ವ ಜೇನುನೊಣ ದಿನಕ್ಕೆ ಶಾಮಿಯಾನ ಹೇಳಿಟ್ಟಿರುವ ಅಧಿಕಾರಿಗಳಿಗೆ, ಸಂಘಗಳ ಪದಾಧಿಕಾರಿಗಳಿಗೆ, ರಜೆಯಲ್ಲೂ ಮಕ್ಕಳನ್ನು ಕರೆಸುವ ಮೇಷ್ಟ್ರುಗಳಿಗೆ ಮತ್ತು ಆ ದಿನ ಬೆಳಗ್ಗೆಯೇ ವಾಟ್ಸಾಪಿನಲ್ಲಿ ಜೇನಿನ ಚಿತ್ರ ಹಾಕುವ ಎಲ್ಲರಿಗೂ ನಮಸ್ಕಾರ.

ನಾನು ಸುಳ್ಯ ತಾಲ್ಲೂಕಿನವನು. ಅಡಿಕೆ ತೋಟ ಉಂಟು, ಸ್ವಲ್ಪ ರಬ್ಬರ್ ಉಂಟು, ನಲವತ್ತು ಚಿಲ್ಲರೆ ಜೇನುಪೆಟ್ಟಿಗೆ ಉಂಟು. ಪೆಟ್ಟಿಗೆಯ ಲೆಕ್ಕ ವರ್ಷವಿಡೀ ಒಂದೇ ಇರುವುದಿಲ್ಲ. ಯಾರಾದರೂ ಮಾರ್ಚ್‌ನಲ್ಲಿ ಕೇಳಿದರೆ ಐವತ್ತು ಅನ್ನುತ್ತೇನೆ, ಸೆಪ್ಟೆಂಬರ್‌ನಲ್ಲಿ ಕೇಳಿದರೆ ಮಾತು ಬದಲಿಸುತ್ತೇನೆ. ಅಪ್ಪನ ಕಾಲದಲ್ಲಿ ಪೊಟರೆಯಿಂದ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ಜೇನು) ಹಿಡಿದು ಪೆಟ್ಟಿಗೆಗೆ ಹಾಕುತ್ತಿದ್ದರು. ನಾನೂ ಅವರ ಹಿಂದೆ ಹೊಗೆ ಹಿಡಿದುಕೊಂಡು ಹೋಗಿ, ಕಣ್ಣುರೆಪ್ಪೆಗೆ ಕಚ್ಚಿಸಿಕೊಂಡು ಈ ವಿದ್ಯೆ ಕಲಿತವನು. ದೊಡ್ಡ ಕೃಷಿಕನಲ್ಲ, ವಿಜ್ಞಾನಿಯಂತೂ ಅಲ್ಲವೇ ಅಲ್ಲ. ಆದರೆ ಮೇ 20 ಹತ್ತಿರವಾದ ಹಾಗೆ ಫೋನು ಬರುತ್ತದೆ: "ಸ್ವಲ್ಪ ಬಂದು ನಾಲ್ಕು ಮಾತು ಹೇಳಿ, ಒಂದು ಪೆಟ್ಟಿಗೆ ತನ್ನಿ, ಜನರಿಗೆ ತೋರಿಸಲಿಕ್ಕೆ." ಹೋಗುತ್ತೇನೆ. ಈ ಸಲ ಹೋಗುವ ಮೊದಲೇ ಒಂದು ಮಾತು ಹೇಳಬೇಕಾಗಿದೆ. ವೇದಿಕೆಯ ಮೇಲೆ ಶಾಲು ಹೊದ್ದುಕೊಂಡು ಅದನ್ನು ಹೇಳಲಿಕ್ಕೆ ಆಗುವುದಿಲ್ಲ.

ಆರೇಳು ವರ್ಷದ ಹಿಂದಿನ ಮಾತು. ಇಂಥದೇ ಒಂದು ದಿನಾಚರಣೆ. ಯಾರು ಏರ್ಪಡಿಸಿದ್ದು ಎಂಬುದು ಬೇಡ, ಅವರ ಮನಸ್ಸು ಒಳ್ಳೆಯದೇ ಇತ್ತು. ಇಪ್ಪತ್ತೈದು ಮನೆಯವರಿಗೆ ಜೇನುನೊಣದ ಕುಟುಂಬ ಸಮೇತ ಪೆಟ್ಟಿಗೆ, ಸ್ಟ್ಯಾಂಡು, ಮುಖಪರದೆ ಕೊಟ್ಟರು. ಫೋಟೊ ಆಯಿತು, ಪಾನಕ ಆಯಿತು. ನಮ್ಮ ಪಕ್ಕದ ಊರಿನ ಒಬ್ಬ ಅಕ್ಕನಿಗೆ ಎರಡು ಪೆಟ್ಟಿಗೆ ಸಿಕ್ಕಿತು. ಸಂಜೆ ಜೀಪಿನಲ್ಲಿ ಪೆಟ್ಟಿಗೆಯ ಬಾಗಿಲಿಗೆ ಹುಲ್ಲು ತುರುಕಿ, ಅಲುಗಾಡದ ಹಾಗೆ ಮಡಿಲಲ್ಲೇ ಇಟ್ಟುಕೊಂಡು ಹೋದರು. ಜೂನ್ ಮೊದಲ ವಾರ ಮಳೆ ಹಿಡಿಯಿತು. ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ನಾನು ಆ ಕಡೆ ಹೋಗಿದ್ದಾಗ, "ಭಾವ, ಜೇನು ಹಾರಾಡುವುದೇ ಕಾಣುವುದಿಲ್ಲ, ಸ್ವಲ್ಪ ನೋಡಿ" ಅಂದರು. ಒಂದರ ಮುಚ್ಚಳ ತೆಗೆದರೆ ಎರಿಯ, ಅಂದರೆ ಮೇಣದ ಹುಟ್ಟಿನ, ತುಂಬಾ ಜೇಡನ ಬಲೆಯಂಥ ಬಿಳಿ ನೂಲು, ಅದರೊಳಗೆ ಮೇಣದ ಹುಳು. ಇನ್ನೊಂದರಲ್ಲಿ ಅದೂ ಇಲ್ಲ. ಒಣ ಎರಿ, ಅಡಿಮಣೆಯ ಮೇಲೆ ಒಂದು ಮುಷ್ಟಿ ಸತ್ತ ನೊಣ. ಕೆಲವು ನೊಣಗಳು ಎರಿಯ ಕೋಶದೊಳಗೆ ತಲೆ ತೂರಿಸಿಕೊಂಡೇ ಸತ್ತಿದ್ದವು. ಜೇನು ಸಾಕುವವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ತಳದಲ್ಲಿ ಒಂದು ಹನಿಯಾದರೂ ಸಿಕ್ಕೀತೇ ಎಂದು ನೆಕ್ಕುತ್ತಾ ಸತ್ತವು ಅವು.

ಅಕ್ಕ ತಮ್ಮದೇ ತಪ್ಪು ಅಂದುಕೊಂಡಿದ್ದರು. "ನನ್ನ ಕೈಗುಣ ಸರಿ ಇಲ್ಲ" ಅಂದರು. ಅವರ ಕೈಗುಣಕ್ಕೆ ಏನೂ ಆಗಿರಲಿಲ್ಲ. ಸಂತೆ ಮುಗಿದ ಮೇಲೆ ಅಂಗಡಿ ಇಡಿಸಿದ ಹಾಗೆ ಆಗಿತ್ತು, ಅಷ್ಟೇ. ಆ ಇಪ್ಪತ್ತೈದು ಮನೆಗಳಲ್ಲಿ ನನಗೆ ಗುರುತಿರುವ ಹತ್ತು ಹನ್ನೆರಡು ಮನೆಗಳನ್ನು ಆಮೇಲೆ ವಿಚಾರಿಸಿದೆ. ದೀಪಾವಳಿಗೆ ನೊಣ ಉಳಿದಿದ್ದದ್ದು ಎರಡು ಕಡೆ. ಆ ಎರಡೂ ಮನೆಯಲ್ಲಿ ಮೊದಲಿನಿಂದಲೇ ಜೇನು ಸಾಕುತ್ತಿದ್ದರು.

ಮೇ 20 ಯಾಕೆ ಎಂದು ಯಾರಾದರೂ ಯೋಚಿಸಿದ್ದೀರಾ? ನಾನೂ ಬಹಳ ಕಾಲ ಯೋಚಿಸಿರಲಿಲ್ಲ. ದಿನ ಅಂದರೆ ದಿನ, ಎಲ್ಲೋ ಮೇಲಿನವರು ಗೊತ್ತುಮಾಡಿದ್ದು ಅಂದುಕೊಂಡಿದ್ದೆ. ಆಮೇಲೆ ಕೃಷಿ ಓದಿದ ತಂಗಿಯ ಮಗ ಹೇಳಿದ. ಯುರೋಪಿನ ಸ್ಲೊವೇನಿಯಾದಲ್ಲಿ ಬ್ರೆಜ್ನಿತ್ಸಾ ಎಂಬ ಹಳ್ಳಿ ಉಂಟಂತೆ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ. ಅಲ್ಲಿ 1734ರಲ್ಲಿ ಆಂಟನ್ ಯಾನ್ಷಾ ಎಂಬವನು ಹುಟ್ಟಿದ. ಅವನಿಗೆ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿದ ದಿನ ಮೇ 20. ಅಪ್ಪನ ಮನೆಯಲ್ಲಿ ನೂರಕ್ಕೂ ಮಿಕ್ಕಿ ಜೇನುಗೂಡು. ಅಣ್ಣತಮ್ಮಂದಿರು ಚಿತ್ರ ಬರೆಯುವವರು, ಇವನೂ ಚಿತ್ರಕಲೆ ಕಲಿಯಲಿಕ್ಕೆಂದೇ ವಿಯೆನ್ನಾಕ್ಕೆ ಹೋದ. ಹೋದವನು ಕುಂಚ ಬಿಟ್ಟು ಜೇನು ಹಿಡಿದ. 1770ರ ಹೊತ್ತಿಗೆ ಮಹಾರಾಣಿ ಮಾರಿಯಾ ತೆರೇಸಾಳ ಆಡಳಿತ ಅವನನ್ನು ಜೇನು ಸಾಕಣೆಯ ಗುರುವಾಗಿ ನೇಮಿಸಿತು. ಜೇನು ಪಾಲಾಗುವುದರ, ಅಂದರೆ ಒಂದು ಕುಟುಂಬ ಒಡೆದು ಎರಡಾಗುವುದರ ಬಗ್ಗೆ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದ. ರಾಣಿನೊಣ ಗಂಡುನೊಣಗಳ ಜೊತೆ ಕೂಡುವುದು ಗೂಡಿನ ಹೊರಗೆ, ಹಾರಾಟದಲ್ಲಿ ಎಂದು ಆ ಕಾಲದಲ್ಲೇ ಕಂಡುಕೊಂಡಿದ್ದ. 1773ರಲ್ಲಿ, ನಲವತ್ತು ತುಂಬುವ ಮೊದಲೇ ತೀರಿಕೊಂಡ.

ಸ್ಲೊವೇನಿಯಾ ನಮ್ಮ ಬೆಂಗಳೂರಿನ ಕಾಲು ಪಾಲು ಜನಸಂಖ್ಯೆಯೂ ಇಲ್ಲದ ದೇಶ. ಸುಮಾರು 20 ಲಕ್ಷ ಜನ, ಅದರಲ್ಲಿ ಹತ್ತು ಸಾವಿರದಷ್ಟು ಜೇನು ಸಾಕುವವರು. ಗೂಡಿನ ಮುಂದಿನ ಹಲಗೆಯ ಮೇಲೆ ಬಣ್ಣದ ಚಿತ್ರ ಬರೆಯುವುದು ಅವರ ಹಳೆಯ ಸಂಪ್ರದಾಯ. ತಮ್ಮ ನಾಡಿನ ಕಾರ್ನಿಯೋಲನ್ ತಳಿಯ ನೊಣವನ್ನು ಬಿಟ್ಟು ಬೇರೆ ತಳಿ ಸಾಕುವ ಹಾಗಿಲ್ಲವಂತೆ ಅಲ್ಲಿ. ಆ ದೇಶದ ಜೇನು ಸಾಕುವವರ ಸಂಘವೇ ಹಟ ಹಿಡಿದು, ಸರಕಾರವನ್ನು ಹಿಡಿದು, 115 ದೇಶಗಳ ಬೆಂಬಲ ಕೂಡಿಸಿ, 2017ರ ಡಿಸೆಂಬರ್ 20ರಂದು ವಿಶ್ವಸಂಸ್ಥೆಯಲ್ಲಿ ಈ ದಿನವನ್ನು ಒಪ್ಪಿಸಿತು. 2018ರಿಂದ ಆಚರಣೆ. ಇದರಲ್ಲಿ ನನಗೆ ಒಂದಿಷ್ಟೂ ಅಸಮಾಧಾನ ಇಲ್ಲ. ಜೇನು ಸಾಕುವ ಒಬ್ಬ ಸಾಮಾನ್ಯ ಮನುಷ್ಯನ ಹೆಸರಲ್ಲಿ ಇಡೀ ಜಗತ್ತಿಗೆ ಒಂದು ದಿನ ಕೊಡಿಸಿದರಲ್ಲ, ಕೈಮುಗಿಯಬೇಕು.

ಅವರ ಮೇ 20 ಹೇಗಿರುತ್ತದೆ ನೋಡಿ. ಚಳಿಗಾಲ ಮುಗಿದು, ವಸಂತದಲ್ಲಿ ಕುಟುಂಬ ತುಂಬಿ, ಬೇಸಿಗೆ ಶುರುವಾಗುವ ಹೊತ್ತು. ಅಕೇಶಿಯಾ ಎಂದು ಅವರು ಕರೆಯುವ ಬಿಳಿ ಹೂವಿನ ಮರ ಅರಳಿ ನಿಂತಿರುತ್ತದೆ. ಅದರ ಹಿಂದೆಯೇ ಲಿಂಡನ್ ಮರದ ಸರದಿ. ಕುಟುಂಬ ಪಾಲಾಗುವುದೂ ಆಗಲೇ. ಹೊಸಬನೊಬ್ಬನ ಕೈಗೆ ಆ ದಿನ ಒಂದು ಕುಟುಂಬ ಕೊಟ್ಟರೆ ಅವನ ಮುಂದೆ ಎರಡು ಮೂರು ತಿಂಗಳ ಹೂವು ಉಂಟು, ಕಲಿಯಲಿಕ್ಕೆ ಸಮಯ ಉಂಟು. ಅವರ ಮಟ್ಟಿಗೆ ಅದು ಸರಿಯಾದ ದಿನ.

ನಮ್ಮ ಮೇ 20 ಎಂದರೆ ತುಳು ಪಂಚಾಂಗದ ಬೇಶ ತಿಂಗಳ ಮೊದಲ ವಾರ. ಅದಾಗಿ ನಾಲ್ಕೈದು ದಿನಕ್ಕೆ ಪತ್ತನಾಜೆ. ತುಳುನಾಡಿನ ಆಚೆಯವರಿಗಾಗಿ ಹೇಳುತ್ತೇನೆ: ಬೇಶದ ಹತ್ತನೇ ದಿನ, ಮೇ 24 ಅಥವಾ 25ಕ್ಕೆ ಬರುತ್ತದೆ. ಆವತ್ತಿಗೆ ನಮ್ಮಲ್ಲಿ ಕೋಲ, ನೇಮ, ಜಾತ್ರೆ ಎಲ್ಲ ನಿಲ್ಲುತ್ತದೆ. ಊರೂರು ತಿರುಗಿದ ಯಕ್ಷಗಾನ ಮೇಳಗಳು ಸೇವೆಯಾಟ ಆಡಿ ಗೆಜ್ಜೆ ಬಿಚ್ಚುತ್ತವೆ. ಇನ್ನು ಮಳೆ, ಇನ್ನು ಗದ್ದೆ ಕೆಲಸ, ಇನ್ನು ಆಟಿಯ ಬಡತನ. ಮತ್ತೆ ಚೆಂಡೆ ಕೇಳಬೇಕಾದರೆ ದೀಪಾವಳಿ ಕಳೆಯಬೇಕು.

ತುಡುವೆಯ ಪಂಚಾಂಗವೂ ಇದೇ. ಯಾರು ಯಾರಿಂದ ಕಲಿತರೋ ಗೊತ್ತಿಲ್ಲ, ಎರಡೂ ಒಂದೇ ದಿನ ಗೆಜ್ಜೆ ಬಿಚ್ಚುತ್ತವೆ.

ಸ್ವಲ್ಪ ವಿವರವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮಳೆ ಬಿಟ್ಟು ಅಕ್ಟೋಬರ್ ಬಿಸಿಲು ಬಂದಾಗ ರಾಣಿ ಮತ್ತೆ ಜೋರಾಗಿ ಮೊಟ್ಟೆ ಇಡಲು ಶುರು ಮಾಡುತ್ತದೆ. ನವೆಂಬರ್, ಡಿಸೆಂಬರ್, ಜನವರಿ ಎಂದರೆ ಸಂಸಾರ ಬೆಳೆಯುವ ತಿಂಗಳು, ಗಂಡುನೊಣ ಏಳುವ ತಿಂಗಳು, ಪಾಲು ಮಾಡುವ ತಿಂಗಳು. ಕುಟುಂಬ ಹೆಚ್ಚಿಸಬೇಕಾದವರು ಹೆಚ್ಚಿಸಿಕೊಳ್ಳುವುದು ಆಗಲೇ. ಜನವರಿ ಕೊನೆಗೆ ರಬ್ಬರ್ ಎಲೆ ಉದುರಿಸಿ ಚಿಗುರುತ್ತದೆ. ರಬ್ಬರಿನ ಜೇನು ಹೂವಿನದ್ದೆಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೂರು ಎಲೆ ಕೂಡುವ ಗಂಟಿನ ಹತ್ತಿರ ಸಣ್ಣ ಗ್ರಂಥಿ ಉಂಟು, ಎಳೆಯ ಎಲೆಯಲ್ಲಿ ಅಲ್ಲಿಂದ ಸಿಹಿರಸ ಒಸರುತ್ತದೆ. ಬೆಳಗ್ಗೆ ತೋಟಕ್ಕೆ ಹೋದರೆ ತಲೆಯ ಮೇಲೆ ಇಡೀ ತೋಟವೇ ಗುಂಯ್‌ಗುಡುವುದು ಕೇಳುತ್ತದೆ. ಘಟ್ಟ ಹತ್ತಿ ಕೊಡಗು, ಸಕಲೇಶಪುರ, ಮೂಡಿಗೆರೆ ಕಡೆ ಹೋದರೆ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಕಾಫಿ ಅರಳುತ್ತದೆ. ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಚ್ಚೀತು, ರೊಬಸ್ಟಾಕ್ಕೆ ಇನ್ನೊಂದು ಗಿಡದ ಪರಾಗವೇ ಬೇಕು, ಅಲ್ಲಿ ನೊಣದ ಕೆಲಸ ದೊಡ್ಡದು. ಮತ್ತೆ ನೇರಳೆ, ಕಾಡಿನ ಹತ್ತು ಬಗೆ ಮರ. ಏಳು ಚೌಕಟ್ಟಿನ ನ್ಯೂಟನ್ ಪೆಟ್ಟಿಗೆಯಲ್ಲಿ ಏಳೂ ಎರಿಯ ಮೇಲೆ ನೊಣ ತುಂಬಿ, ಮೇಲಿನ ಜೇನುಕೋಣೆಯಲ್ಲಿ ಮೇಣದ ಮುಚ್ಚಳ ಹಾಕಿದ ಜೇನು. ಏಪ್ರಿಲ್ ಕೊನೆ, ಮೇ ನಡುವಿನ ಹೊತ್ತಿಗೆ ಅದೂ ಮುಗಿಯಿತು.

ಮತ್ತೆ ಮಳೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಬೀಳುವ ಮಳೆಯಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುತ್ತದೆ. ನೊಣಕ್ಕೆ ಹೊರಗೆ ಹೋಗಲಿಕ್ಕೆ ಬಿಡುವೇ ಇಲ್ಲ. ಬಿಡುವು ಸಿಕ್ಕಿ ಹೋದರೂ ಹೂವಿನ ಮಕರಂದ ಮಳೆನೀರಲ್ಲಿ ತೊಳೆದು ಹೋಗಿರುತ್ತದೆ. ನಾಚಿಕೆಮುಳ್ಳಿನ ಪರಾಗ, ಬದಿಯಲ್ಲಿ ತುಂಬೆ, ಹಿತ್ತಿಲಲ್ಲಿ ಬಾಳೆಯ ಕುಂಡಿಗೆ, ಇಷ್ಟೇ ಆಧಾರ. ಹಂಗಾಮಿನಲ್ಲಿ ದುಡಿಯುವ ನೊಣದ ಆಯುಸ್ಸು ಆರು ವಾರ. ಮೇ ತಿಂಗಳಲ್ಲಿ ನೀವು ಕಾಣುವ ಆ ತುಂಬಿದ ಕುಟುಂಬದಲ್ಲಿ ಆಟಿಯ ಹೊತ್ತಿಗೆ ಒಂದೂ ಹಳೆಯ ನೊಣ ಇರುವುದಿಲ್ಲ. ಹೊಸದು ಹುಟ್ಟಬೇಕಾದರೆ ರಾಣಿ ಮೊಟ್ಟೆ ಇಡಬೇಕು, ರಾಣಿ ಮೊಟ್ಟೆ ಇಡಬೇಕಾದರೆ ಒಳಗೆ ಊಟ ಬರಬೇಕು. ಬಾರದಿದ್ದರೆ ಏಳು ಎರಿ ಮೂರಾಗುತ್ತದೆ. ನೊಣ ಬಿಟ್ಟುಕೊಟ್ಟ ಎರಿಯಲ್ಲಿ ಮೇಣದ ಹುಳು ಸಂಸಾರ ಹೂಡುತ್ತದೆ. ಇನ್ನು ಇಲ್ಲಿ ಬದುಕು ಸಾಗದು ಎಂದು ಕಂಡರೆ ಉಳಿದ ನೊಣ ಒಂದು ದಿನ ಬಿಸಿಲು ನೋಡಿ ಪರಾರಿ. ತುಡುವೆ ಯಾರ ಮುಲಾಜಿಗೂ ಬಿದ್ದು ಪೆಟ್ಟಿಗೆಯಲ್ಲಿ ಕೂರುವ ಜಾತಿ ಅಲ್ಲ.

ಇಂಥ ನಾಲ್ಕು ತಿಂಗಳ ಬಾಗಿಲಿಗೆ ತಂದು ಹೊಸಬನ ಕೈಗೆ ನಾವು ಪೆಟ್ಟಿಗೆ ಕೊಡುತ್ತಿದ್ದೇವೆ.

ಅದೂ ಎಂಥ ಪೆಟ್ಟಿಗೆ? ಇದನ್ನು ಬರೆಯುವಾಗ ನನ್ನವರೇ ನನ್ನ ಮೇಲೆ ಸಿಟ್ಟಾಗುತ್ತಾರೆ, ಆದರೂ ಬರೆಯುತ್ತೇನೆ. ಮೇ ತಿಂಗಳಲ್ಲಿ ಕುಟುಂಬ ಮಾರುವುದು ಮಾರುವವನಿಗೆ ಬಹಳ ಅನುಕೂಲ. ವರ್ಷದ ಜೇನು ತೆಗೆದಾಗಿದೆ. ಇಟ್ಟುಕೊಂಡರೆ ಮಳೆಗಾಲ ಪೂರ್ತಿ ಸಕ್ಕರೆ ಕೊಡಬೇಕು, ಜಡಿಮಳೆಯಲ್ಲಿ ಮುಚ್ಚಳ ತೆಗೆದು ನೋಡಬೇಕು, ಆದರೂ ನಾಲ್ಕರಲ್ಲಿ ಒಂದು ಹೋಗುತ್ತದೆ. ಕೊಟ್ಟುಬಿಟ್ಟರೆ ಕೈ ತೊಳೆದ ಹಾಗೆ. ನಾನೂ ಒಂದು ವರ್ಷ ಹಾಗೆ ಆರು ಕುಟುಂಬ ಕೊಟ್ಟಿದ್ದೇನೆ. ದುಡ್ಡು ಬೇಕಾಗಿತ್ತು. ಅವು ಎಲ್ಲಿಗೆ ಹೋದವು, ಏನಾದವು ಎಂದು ಕೇಳಲಿಕ್ಕೆ ಹೋಗಲಿಲ್ಲ.

ಕೊಡುವವರಿಗೂ ಅನುಕೂಲವೇ. ಒಂದು ದಿನಾಂಕ ಉಂಟು, ಸಭಾಂಗಣ ಉಂಟು, ಪತ್ರಿಕೆಯವರು ಬರುತ್ತಾರೆ, ಮರುದಿನ ಫೋಟೊ ಬರುತ್ತದೆ. ನವೆಂಬರಿನ ಒಂದು ಮಾಮೂಲಿ ಮಂಗಳವಾರ ಪೆಟ್ಟಿಗೆ ಹಂಚಿದರೆ ಯಾರು ಬರುತ್ತಾರೆ? ಈ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಜೇನು ಸಾಕಣೆಗೆ ದುಡ್ಡಿಲ್ಲದ ಕಾಲ ಇದಲ್ಲ. ಕೇಂದ್ರ ಸರಕಾರವೇ 2020ರಲ್ಲಿ ಜೇನು ಮಿಷನ್‌ಗೆ 500 ಕೋಟಿ ರೂಪಾಯಿ ಇಟ್ಟಿತ್ತು. ಖರ್ಚಿನ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ನವೆಂಬರ್, ಡಿಸೆಂಬರ್ ಅದರೊಳಗೇ ಬರುತ್ತದೆ. ಹಾಗಾಗಿ ನಾನು ಕೇಳುವುದು ಇಷ್ಟು: ದಿನಾಚರಣೆ ಮೇ 20ಕ್ಕೇ ಇರಲಿ, ಪೆಟ್ಟಿಗೆ ಹಂಚುವುದನ್ನು ಮಾತ್ರ ಮೇಳ ಹೊರಟ ಮೇಲೆ ಇಟ್ಟುಕೊಳ್ಳಿ. ದೀಪಾವಳಿ ಕಳೆದು ಒಂದು ವಾರಕ್ಕೆ ಕೊಟ್ಟ ಕುಟುಂಬಕ್ಕೆ ಮುಂದೆ ಆರು ತಿಂಗಳ ಒಳ್ಳೆಯ ಕಾಲ ಉಂಟು. ಹೊಸಬ ಅಷ್ಟರಲ್ಲಿ ರಾಣಿಯನ್ನು ಗುರುತು ಹಿಡಿಯಲು ಕಲಿಯುತ್ತಾನೆ, ಒಂದು ಸಲ ಪಾಲು ಮಾಡಿ ನೋಡುತ್ತಾನೆ, ನಾಲ್ಕು ಬಾಟಲಿ ಜೇನು ತೆಗೆದು ನೆಂಟರಿಗೆ ಕೊಡುತ್ತಾನೆ. ಮಳೆಗಾಲ ಬರುವಾಗ ಆ ನೊಣದ ಮೇಲೆ ಅವನಿಗೆ ಪ್ರೀತಿ ಹುಟ್ಟಿರುತ್ತದೆ. ಪ್ರೀತಿ ಇಲ್ಲದವನು ಸುರಿಯುವ ಮಳೆಯಲ್ಲಿ ಕೊಡೆ ಹಿಡಿದುಕೊಂಡು ಸಕ್ಕರೆ ಪಾಕ ಇಡಲಿಕ್ಕೆ ಹೋಗುವುದಿಲ್ಲ.

ಹಾಗಾದರೆ ಮೇ 20ಕ್ಕೆ ಏನು ಮಾಡುವುದು? ಕೆಲಸ ಬೇಕಾದಷ್ಟು ಉಂಟು.

ಆ ದಿನ ಮಳೆಗಾಲದ ಪಾಠ ಮಾಡಿ. ಜೇನು ತೆಗೆಯುವುದನ್ನು ತೋರಿಸಿದರೆ ಜನ ಚಪ್ಪಾಳೆ ಹೊಡೆಯುತ್ತಾರೆ, ಒಪ್ಪುತ್ತೇನೆ. ಸಕ್ಕರೆ ಪಾಕ ಮಾಡುವುದನ್ನು ತೋರಿಸಿದರೆ ಯಾರೂ ಹೊಡೆಯುವುದಿಲ್ಲ. ಆದರೆ ತಿಳಿಯಬೇಕಾದದ್ದು ಅದೇ. ನಾನು ಮಾಡುವ ಕ್ರಮ ಹೇಳುತ್ತೇನೆ, ಇದಕ್ಕಿಂತ ಒಳ್ಳೆಯ ಕ್ರಮ ಗೊತ್ತಿದ್ದವರು ತಿದ್ದಿ. ಪತ್ತನಾಜೆಗೆ ಮೊದಲು ಮೇಲಿನ ಜೇನುಕೋಣೆ ತೆಗೆದು ಒಳಗಿಡುತ್ತೇನೆ. ಸಂಸಾರ ಕೋಣೆಯ ಜೇನಿಗೆ ಕೈ ಹಾಕುವುದಿಲ್ಲ, ಅದು ಅವುಗಳ ಅಕ್ಕಿ ಮುಡಿ. ನೊಣ ಕೂರದ ಎರಿ ಒಂದೂ ಒಳಗೆ ಬಿಡುವುದಿಲ್ಲ. ಎರಡು ದುರ್ಬಲ ಕುಟುಂಬ ಇದ್ದರೆ ಕೂಡಿಸಿ ಒಂದು ಮಾಡುತ್ತೇನೆ. ಹೊಸಬರಿಗೆ ಇದು ಕಷ್ಟ, ಎರಡು ಇದ್ದದ್ದು ಒಂದಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಉರಿಯಲಿ, ಇಲ್ಲದಿದ್ದರೆ ಎರಡೂ ಹೋಗುತ್ತದೆ. ಮುಚ್ಚಳದ ಮೇಲೆ ಅಡಿಕೆ ಹಾಳೆ ಹೊದೆಸಿ ಕಲ್ಲು ಇಡುತ್ತೇನೆ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದ ಹಾಗೆ ನೀರಿನ ಬಟ್ಟಲು. ಬಾಗಿಲನ್ನು ಕಿರಿದು ಮಾಡುತ್ತೇನೆ. ಆಮೇಲೆ ವಾರಕ್ಕೊಮ್ಮೆ ಪೆಟ್ಟಿಗೆಗೆ ಇನ್ನೂರು ಇನ್ನೂರೈವತ್ತು ಗ್ರಾಮ್ ಸಕ್ಕರೆ, ಅಷ್ಟೇ ನೀರಲ್ಲಿ ಕರಗಿಸಿ, ತಣಿಸಿ, ತೆಂಗಿನ ಗೆರಟೆಯಲ್ಲಿ ಹಾಕಿ, ನೊಣ ಮುಳುಗದ ಹಾಗೆ ನಾಲ್ಕು ಕಡ್ಡಿ ತೇಲಿಸಿ ಒಳಗಿಡುವುದು. ಕೊಡುವುದು ಸಂಜೆಯೇ. ಎಲ್ಲ ಪೆಟ್ಟಿಗೆಗೂ ಒಂದೇ ದಿನ. ಹಗಲು ಕೊಟ್ಟರೆ, ಅಥವಾ ಒಂದಕ್ಕೆ ಕೊಟ್ಟು ಒಂದಕ್ಕೆ ಬಿಟ್ಟರೆ, ಹಸಿದ ಪೆಟ್ಟಿಗೆಯವು ಉಂಡ ಪೆಟ್ಟಿಗೆಗೆ ನುಗ್ಗಿ ಕೊಳ್ಳೆ ಹೊಡೆಯುತ್ತವೆ. ಕೊಲೆಯೇ ಆಗುತ್ತದೆ.

ಲೆಕ್ಕ ಹಾಕಿ ನೋಡಿ. ಒಂದು ಪೆಟ್ಟಿಗೆಗೆ ಇಡೀ ಮಳೆಗಾಲಕ್ಕೆ ನಾಲ್ಕು ಕಿಲೋ ಸಕ್ಕರೆ. ಒಂದು ಶಾಲಿಗೂ ಹಾರಕ್ಕೂ ಆಗುವ ಖರ್ಚಿಗಿಂತ ಹೆಚ್ಚಲ್ಲ. ನಿಜವಾಗಿ ಏನಾದರೂ ಹಂಚಲೇಬೇಕು ಎಂದಿದ್ದರೆ, ಕಳೆದ ವರ್ಷಗಳಲ್ಲಿ ನಿಮ್ಮಿಂದ ಪೆಟ್ಟಿಗೆ ಪಡೆದವರ ಪಟ್ಟಿ ತೆಗೆಯಿರಿ. ಅವರಲ್ಲಿ ಯಾರ ಪೆಟ್ಟಿಗೆಯಲ್ಲಿ ಇನ್ನೂ ನೊಣ ಉಂಟೋ ಅವರಿಗೆ ನಾಲ್ಕು ಕಿಲೋ ಸಕ್ಕರೆ ಕೊಡಿ. ಆ ಪಟ್ಟಿ ಹಿಡಿದು ಮನೆಮನೆಗೆ ಹೋದಾಗ ಏನು ಕಾಣುತ್ತದೆ ಎಂಬುದೂ ಒಂದು ಕಾರ್ಯಕ್ರಮವೇ. ಎಷ್ಟು ಕೊಟ್ಟಿದ್ದೇವೆ ಎಂಬ ವರದಿ ನಾನು ಬಹಳ ಕೇಳಿದ್ದೇನೆ. ಎಷ್ಟು ಉಳಿದಿದೆ ಎಂದು ವೇದಿಕೆಯಿಂದ ಓದಿದ್ದನ್ನು ಒಮ್ಮೆಯೂ ಕೇಳಿಲ್ಲ.

ಬ್ಯಾನರ್ ಬಗ್ಗೆಯೂ ಒಂದು ಮಾತು, ಚಿಲ್ಲರೆ ಅನ್ನಿಸಿದರೆ ಬಿಡಿ. ಪ್ರತಿ ವರ್ಷ ಹಾಕುವ ಆ ದಪ್ಪ ಹಳದಿ ನೊಣ ನಮ್ಮದಲ್ಲ, ಯುರೋಪಿನ ಮೆಲ್ಲಿಫೆರಾ. ನಮ್ಮ ತುಡುವೆ ಅದಕ್ಕಿಂತ ಸಣ್ಣದು, ಮೈಮೇಲೆ ಕಪ್ಪು ಪಟ್ಟೆ ಎದ್ದು ಕಾಣುತ್ತದೆ. ಒಂದು ವರ್ಷವಂತೂ ಜೇನೇ ಅಲ್ಲದ, ಹೂವಿನ ಮೇಲೆ ಕೂರುವ ಯಾವುದೋ ಎರಡು ರೆಕ್ಕೆಯ ನೊಣ ಹಾಕಿಸಿದ್ದರು. ಕೆಳಗೆ ನಿಂತು ಶಾಲೆಯ ಮಕ್ಕಳು ಪ್ರತಿಜ್ಞೆ ಮಾಡಿದರು. ತುಡುವೆ, ಹೆಜ್ಜೇನು, ಕೋಲುಜೇನು, ಕೊಂಡಿಯಿಲ್ಲದ ಪುಟ್ಟ ಜೇನು ಮುಜಂಟಿ, ನಾಲ್ಕೂ ನಮ್ಮ ತೋಟದಲ್ಲೇ ಇವೆ. ಮೊಬೈಲು ಹಿಡಿದು ಹತ್ತು ನಿಮಿಷ ಹಿತ್ತಿಲಲ್ಲಿ ನಿಂತರೆ ನಾಲ್ಕರ ಫೋಟೊವೂ ಸಿಗುತ್ತದೆ. ಹಾಗೆಯೇ, ಜೇನು ಅಳಿದರೆ ಮನುಷ್ಯನಿಗೆ ನಾಲ್ಕೇ ವರ್ಷ ಎಂದು ಐನ್‌ಸ್ಟೈನ್ ಹೇಳಿದ್ದಾರೆ ಎಂಬ ಭಾಷಣ ಈ ಸಲವಾದರೂ ಬೇಡ. ಅವರು ಹಾಗೆ ಹೇಳಿದ್ದಕ್ಕೆ ದಾಖಲೆಯೇ ಸಿಕ್ಕಿಲ್ಲ. ನೊಣದ ಬೆಲೆ ಹೇಳಲು ವಿಜ್ಞಾನಿಯ ಹೆಸರು ಸುಳ್ಳು ಸುಳ್ಳೇ ತರಬೇಕಾಗಿಲ್ಲ. ಘಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಬನ್ನಿ. ಬುಡದಲ್ಲಿ ನೆಲ ತಾಗಿಕೊಂಡು ಬಿಡುವ ಆ ಹೂವಿಗೆ ಒಂದೇ ದಿನದ ಬಾಳು. ಆ ಒಂದು ದಿನದಲ್ಲಿ ನೊಣ ಬಂದರೆ ಕಾಯಿ, ಬಾರದಿದ್ದರೆ ಇಲ್ಲ. ಅದೂ ಹೂ ಬಿಡುವುದು ಮಳೆಗಾಲದಲ್ಲೇ. ನಾವು ಜೂನ್‌ನಲ್ಲಿ ಸಾಯಲು ಬಿಟ್ಟ ಕುಟುಂಬ ಜುಲೈಯಲ್ಲಿ ಏಲಕ್ಕಿಗೆ ಬೇಕಾಗಿತ್ತು. ಭಾಷಣಕ್ಕೆ ಇಷ್ಟು ಸಾಲದೇ?

ರೋಗದ ವಿಷಯವೂ ಉಂಟು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜು ಬಂದು ದಕ್ಷಿಣ ಭಾರತದ ತುಡುವೆ ಪೆಟ್ಟಿಗೆಗಳನ್ನು ಸಾಲು ಸಾಲಾಗಿ ಖಾಲಿ ಮಾಡಿತು. ಮರಿಹುಳು ಕೋಶದೊಳಗೇ ನೀರುಚೀಲದ ಹಾಗೆ ಆಗಿ ಸಾಯುತ್ತಿತ್ತು. ಅಪ್ಪ ಒಂದೇ ವರ್ಷದಲ್ಲಿ ಪೆಟ್ಟಿಗೆಯೆಲ್ಲ ಅಟ್ಟಕ್ಕೆ ಹಾಕಿದರು, ಮತ್ತೆ ಇಳಿಸಲು ನಾಲ್ಕು ವರ್ಷ ಬೇಕಾಯಿತು. ಕೊಡಗಿನ ಜೇನಿಗೆ ದೇಶದಲ್ಲೇ ಹೆಸರಿತ್ತು, ಅಲ್ಲಿಯವರು ತಿಂದ ಪೆಟ್ಟು ಇನ್ನೂ ದೊಡ್ಡದು. ಇದನ್ನು ಯಾಕೆ ಹೇಳುತ್ತೇನೆಂದರೆ, ಎಲ್ಲೆಲ್ಲಿಂದಲೋ ಕೊಂಡು ತಂದ ಕುಟುಂಬಗಳನ್ನು ಒಂದು ಸಭಾಂಗಣದಲ್ಲಿ ಒಟ್ಟು ಸೇರಿಸಿ, ಅಲ್ಲಿಂದ ಇಪ್ಪತ್ತೈದು ಊರಿಗೆ ಕಳಿಸುವುದು ರೋಗಕ್ಕೂ ಬಸ್ಸು ಹತ್ತಿಸಿದ ಹಾಗೆ. ಆಯಾ ಊರಿನ ಕುಟುಂಬವನ್ನು ಅದೇ ಊರಿನ ಸಾಕುವವರಿಂದ ಪಾಲು ಮಾಡಿಸಿ ಪಕ್ಕದ ಮನೆಗೆ ಕೊಡಿಸಿದರೆ, ಕೊಟ್ಟವನು ಬೇಲಿಯಾಚೆಯೇ ಇರುತ್ತಾನೆ. ಏನಾದರೂ ಆದರೆ ಕೂಗಿದರೆ ಕೇಳುತ್ತದೆ.

ಜೂನ್ 5ರ ಪರಿಸರ ದಿನದವರಿಗೂ ಇಲ್ಲೇ ಒಂದು ಸಾಲು. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಮ್ಮೇಳನ ಶುರುವಾದ ದಿನ ಎಂಬ ಕಾರಣಕ್ಕೆ ಇಟ್ಟ ತಾರೀಕು ಅದು. ನಮ್ಮ ಕರಾವಳಿಗೆ ಮುಂಗಾರು ಕಾಲಿಡುವ ಹೊತ್ತಿಗೇ ಬಂದದ್ದು ನಮ್ಮ ಅದೃಷ್ಟ, ಗಿಡ ನೆಡಲು ಅದಕ್ಕಿಂತ ಒಳ್ಳೆಯ ವಾರ ಇಲ್ಲ. ನೆಡುವಾಗ ನೊಣ ತಿರುಗಿಯೂ ನೋಡದ ಅಲಂಕಾರದ ಗಿಡ ಬಿಟ್ಟು ನೇರಳೆ, ಅಂಟುವಾಳದಂಥವು ಹಾಕಿ. ನನ್ನಂಥ ತೋಟದವರಿಗೆ ಹೇಳುವುದು ಬೇರೆ: ಮಳೆಗಾಲದಲ್ಲಿ ಬದುವಿನ ನಾಚಿಕೆಮುಳ್ಳು, ತುಂಬೆಗೆ ಕಳೆನಾಶಕ ಹೊಡೆಯಬೇಡಿ. ನಡೆಯುವ ದಾರಿಯಷ್ಟು ಕತ್ತಿಯಲ್ಲಿ ಸವರಿದರೆ ಸಾಕು.

ಪೇಟೆಯವರಿಗೆ ಎರಡು ಮಾತು. ಆಗಸ್ಟ್‌ನಲ್ಲಿ ಫೋನು ಮಾಡಿ "ಹೊಸ ಜೇನು ಉಂಟಾ?" ಎಂದು ಕೇಳಬೇಡಿ. ನಮ್ಮ ಕಡೆ ಆ ತಿಂಗಳಲ್ಲಿ ಹೊಸ ಜೇನು ಇರುವುದಿಲ್ಲ. ಉಂಟು ಎಂದು ಯಾರಾದರೂ ಕೊಟ್ಟರೆ, ಅದು ನಾನು ಗೆರಟೆಯಲ್ಲಿ ಇಟ್ಟಂಥದೇ ಸಕ್ಕರೆ ಪಾಕ, ನೊಣದ ಹೊಟ್ಟೆಯಿಂದ ತಿರುಗಿ ಬಂದದ್ದು ಆಗಿರಬಹುದು. ಬಾಟಲಿಯಲ್ಲಿ ಜೇನು ಹರಳುಗಟ್ಟಿತೆಂದು ಕಲಬೆರಕೆ ಎಂದು ಬಯ್ಯಲೂಬೇಡಿ. ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ, ಅದರ ಗುಣವೇ ಹಾಗೆ.

ನಾನು ಹೇಳಿದ ಈ ಪಂಚಾಂಗ ಕರಾವಳಿ ಮತ್ತು ಘಟ್ಟದ ಮಳೆನಾಡಿನದ್ದು. ಸೂರ್ಯಕಾಂತಿ, ಹೊಂಗೆ, ಹುಣಸೆಯ ಬಯಲುಸೀಮೆಯಲ್ಲಿ ನೊಣದ ಹಸಿವಿನ ತಿಂಗಳು ಬೇರೆ, ಅದನ್ನು ಅಲ್ಲಿ ಸಾಕುವವರೇ ಹೇಳಬೇಕು. ಮೇಲಿನಿಂದ ಬರುವ ಸುತ್ತೋಲೆ ಮಾತ್ರ ಬೀದರಿಗೂ ಸುಳ್ಯಕ್ಕೂ ಒಂದೇ ಇರುತ್ತದೆ. ಆಯಾ ತಾಲ್ಲೂಕಿನಲ್ಲಿ ಹತ್ತು ವರ್ಷ ಜೇನು ಸಾಕಿದ ನಾಲ್ಕು ಜನರನ್ನು ಕೂರಿಸಿ, ನಿಮ್ಮಲ್ಲಿ ಯಾವ ತಿಂಗಳು ಎಂದು ಕೇಳಿದರೆ ಒಂದು ಚಹಾ ಕುಡಿಯುವಷ್ಟರಲ್ಲಿ ಉತ್ತರ ಸಿಗುತ್ತದೆ.

ಆ ಅಕ್ಕನ ಎರಡು ಪೆಟ್ಟಿಗೆಯಲ್ಲಿ ಒಂದರಲ್ಲಿ ಈಗ ಕೋಳಿ ಮೊಟ್ಟೆ ಇಡುತ್ತದೆ. ಇನ್ನೊಂದನ್ನು ಕಳೆದ ತಿಂಗಳು ನಾನು ಕೇಳಿ ತಂದೆ. ಒಡೆದ ಅಡಿಮಣೆ ಬದಲಿಸಿ, ಒಳಗೆಲ್ಲ ಬೆಂಕಿಯಲ್ಲಿ ಸುಟ್ಟು ಹುಳುವಿನ ಮೊಟ್ಟೆ ತೆಗೆದು, ಮೇಣ ಸವರಿ ಇಟ್ಟಿದ್ದೇನೆ. ದೀಪಾವಳಿ ಕಳೆದು ನನ್ನ ಹದಿಮೂರನೇ ನಂಬರಿನ ಕುಟುಂಬವನ್ನು ಪಾಲು ಮಾಡಿ ಅದಕ್ಕೆ ಹಾಕಿ ಕೊಡುವವನಿದ್ದೇನೆ. "ಮತ್ತೆ ಸತ್ತರೆ ಭಾವ?" ಅಂತ ಕೇಳಿದರು. ಮುಂದಿನ ಮಳೆಗಾಲಕ್ಕೆ ನಾಲ್ಕು ಕಿಲೋ ಸಕ್ಕರೆ ತೆಗೆದಿಡಿ ಅಂದೆ.

ಈ ಮೇ 20ಕ್ಕೂ ಕರೆದರೆ ಬರುತ್ತೇನೆ. ಜೇನು ತರುವುದಿಲ್ಲ, ತೆಗೆಯುವ ಕಾಲ ದಾಟಿರುತ್ತದೆ. ಒಂದು ಪಾತ್ರೆ, ಗೆರಟೆ, ಅಡಿಕೆ ಹಾಳೆ ತರುತ್ತೇನೆ. ಒಲೆ ಮತ್ತು ಎರಡು ಕಿಲೋ ಸಕ್ಕರೆ ನಿಮ್ಮದು.

ಇತಿ,
ಸುಳ್ಯ ಕಡೆಯ ಒಬ್ಬ ಜೇನು ಕೃಷಿಕ